ಕೈಗೆ ಕೊಡದ ಚಾಕು

ಅಲಗಿನ ಬುಡದಲ್ಲಿ, ಉಗುರು ಸಿಕ್ಕಿಸಿ ಬಿಚ್ಚುವ ಗೀರಿನ ಪಕ್ಕ, ಅಕ್ಕಿಕಾಳಿನಷ್ಟು ಒಂದು ಕಪ್ಪು ಕಲೆ ಇದೆ. ಮಾವಿನಕಾಯಿಯ ಸೊನೆ ಬಿದ್ದು ಆದದ್ದು. ಅಜ್ಜಿ ಬೂದಿ ಹಾಕಿ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಈಗ ಅದು ಹೋಗುವುದು ನನಗೂ ಬೇಕಿಲ್ಲ. ಚಾಕು ಬಿಚ್ಚಿ ಮೂಗಿನ ಹತ್ತಿರ ಹಿಡಿದರೆ ಕೊಬ್ಬರಿ ಎಣ್ಣೆ, ಹಸಿ ಬಾಳೆನಾರು, ಅವುಗಳ ಹಿಂದೆ ಕಬ್ಬಿಣದ ತಣ್ಣನೆಯ ವಾಸನೆ. ಅಷ್ಟಕ್ಕೇ ಶ್ರೀನಗರದ ಆ ವಠಾರ ಎದ್ದು ಬರುತ್ತದೆ: ಒಂದೇ ನಲ್ಲಿಗೆ ಕಾದು ನಿಂತ ಕೊಡಗಳು, ಬಿಸಿಲಿಗೆ ಹರಡಿದ ಸಂಡಿಗೆ, ಕೊನೆಯ ಮನೆಯ ಮುಂದಿನ ಕಟ್ಟೆಯ ಮೇಲೆ ಕಾಲು ಚಾಚಿ ಹೂ ಕಟ್ಟುತ್ತಿದ್ದ ನನ್ನ ಅಜ್ಜಿ. ಆ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್ ಇದೆ. ನಲ್ಲಿ ಇದ್ದಲ್ಲಿ ಲಿಫ್ಟ್ ಓಡಾಡುತ್ತದೆ. ನಿಮ್ಮ ಮನೆಯೂ ಹೀಗೆ ಎಲ್ಲೋ ಒಂದು ಲಿಫ್ಟಿನ ಕೆಳಗೆ ಹೋಗಿರಬಹುದು.

ಅಜ್ಜಿ ವಠಾರದ ಎಲ್ಲರ ದೇವರಿಗೂ ಹೂ ಕಟ್ಟುತ್ತಿದ್ದಳು. ನೆನೆಸಿದ ಬಾಳೆನಾರು ಸೀಳುವುದಕ್ಕೂ, ಮಾಲೆಯ ತುದಿ ಕತ್ತರಿಸುವುದಕ್ಕೂ ಅವಳಿಗೆ ಈ ಮಡಚುವ ಚಾಕೇ ಆಗಬೇಕು. ಅವಸರಕ್ಕೆ ಯಾರಾದರೂ ನಾರನ್ನು ಹಲ್ಲಿನಲ್ಲಿ ಕಚ್ಚಿ ಹರಿದರೆ ಅವಳ ಪಾಲಿಗೆ ಇಡೀ ಮಾಲೆ ಎಂಜಲು. ಅದಕ್ಕೇ ಚಾಕು ಸದಾ ಸೊಂಟದ ಸಂಚಿಯಲ್ಲಿ, ಎಲೆ ಅಡಿಕೆಯ ಜೊತೆ. ತಾನು ಮುಡಿಯುವಂತಿಲ್ಲದ ಹೆಂಗಸು ಕಟ್ಟಿದ ಹೂವು ಶುಭಕ್ಕೆ ಆಗುತ್ತದೆಯೇ ಎಂದು ಎದುರು ಮನೆಯಾಕೆ ಒಮ್ಮೆ ನಲ್ಲಿಯ ಹತ್ತಿರ ಗೊಣಗಿದಳು. ಅಜ್ಜಿ ತಲೆ ಎತ್ತಲಿಲ್ಲ. "ಹೂ ಕಟ್ಟೋಕೆ ಬೆರಳು ಬೇಕು ಕಣಮ್ಮ, ಗಂಡ ಯಾಕೆ?" ಎಂದಳು. ಮರುದಿನವೂ ಆಕೆಯ ಮನೆಗೆ ಸೇವಂತಿಗೆ ಮಾಲೆ ಹೋಯಿತು. ಅಂಥ ಅಜ್ಜಿಯೂ ಒಂದು ಶಾಸ್ತ್ರವನ್ನು ಮಾತ್ರ ಮೀರುತ್ತಿರಲಿಲ್ಲ. ಚಾಕನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಇಬ್ಬರಿಗೂ ಜಗಳ. ಯಾರಾದರೂ ಕೇಳಿದರೆ ಮಡಚಿ ನೆಲಕ್ಕಿಡುವಳು. ಬೇಕಾದವರು ಬಗ್ಗಿ ತೆಗೆದುಕೊಳ್ಳಬೇಕು, ಹಿಂದಿರುಗಿಸುವಾಗ ತಾವೂ ನೆಲಕ್ಕಿಡಬೇಕು.

ನಮ್ಮ ಮನೆಯಲ್ಲಿ ಬೇರೆ ಚಾಕುಗಳೂ ಇದ್ದವು. ಅಪ್ಪ ಗಾಂಧಿ ಬಜಾರಿನ ಫುಟ್‌ಪಾತಿನಲ್ಲಿ ಕೊಂಡ ಮೀನಿನ ಆಕಾರದ್ದು ನೋಡಲು ಚೆಂದ, ಮಡಚಿದರೆ ಬೀಗದ ಕೈ ಗೊಂಚಲಿನಲ್ಲಿ ತೂಗುವಷ್ಟು ಸಣ್ಣದು. ಆದರೆ ಬೇಗನೆ ಅದರ ಕೀಲು ಸಡಿಲವಾಗಿ ಅಲಗು ತಾನಾಗಿಯೇ ಬೆರಳ ಮೇಲೆ ಮುಚ್ಚಿಕೊಳ್ಳತೊಡಗಿತು. ಚಿಕ್ಕಪ್ಪ ತಂದದ್ದು ಕೆಂಪು ಹಿಡಿಯ ಫಾರಿನ್ ಚಾಕು. ಅದರೊಳಗೆ ಕತ್ತರಿ, ಗರಗಸ, ಬಾಟಲಿ ತೆಗೆಯುವುದು, ಹಲ್ಲುಕಡ್ಡಿ ಕೂಡ. ಅಜ್ಜಿ ಒಂದೊಂದನ್ನೂ ಬಿಚ್ಚಿ ನೋಡಿ, ಅದರಲ್ಲಿ ನಾರು ಸೀಳಲು ಹೋಗಿ, ಮಡಚಿ ನೆಲಕ್ಕಿಟ್ಟಳು. "ಎಲ್ಲಾ ಇದೆ ಕಣೋ ಇದರಲ್ಲಿ, ಚಾಕು ಒಂದು ಬಿಟ್ಟು." ಅವಳದ್ದರಲ್ಲಿ ಇದ್ದದ್ದು ಒಂದು ಅಲಗು, ಒಂದು ಸ್ಪ್ರಿಂಗು, ಬೀಟೆ ಮರದ ಹಿಡಿ, ಅದನ್ನು ಹಿಡಿದಿದ್ದ ಹಿತ್ತಾಳೆಯ ಮೊಳೆಗಳು. ಸ್ಟೇನ್‌ಲೆಸ್ ಅಲ್ಲ, ಬರೀ ಉಕ್ಕು. ಒರೆಸದೆ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಆದರೆ ದಿನಾ ಮುಟ್ಟುವವರಿಗೆ ಅಷ್ಟು ವಿಧೇಯವಾದ ಚಾಕನ್ನು ನಾನು ಬೇರೆ ಕಂಡಿಲ್ಲ.

ವಠಾರ ಕೆಡವಿದ ಮೇಲೆ ಅಜ್ಜಿ ಬನಶಂಕರಿಯ ನಮ್ಮ ಬಾಡಿಗೆ ಮನೆಗೆ ಬಂದಳು. ಅಲ್ಲಿ ಹೂ ಕೇಳುವವರು ಯಾರೂ ಇರಲಿಲ್ಲ. ಬೆರಳು ನಡುಗಲು ಶುರುವಾದ ಮೇಲೆ ಒಂದು ಮಧ್ಯಾಹ್ನ ಚಾಕನ್ನು ನನ್ನ ಮುಂದೆ ನೆಲಕ್ಕಿಟ್ಟಳು. ನಾನು ಬಗ್ಗಿ ಎತ್ತಿಕೊಂಡೆ. ಅಂದಿನಿಂದ ಅದು ನನ್ನ ಬ್ಯಾಗಿನಲ್ಲಿದೆ. ಮೆಟ್ರೋದಲ್ಲಿ ಚಾಕು ಬಿಡುವುದಿಲ್ಲ. ನಾನು ಬಸ್ಸಿನಲ್ಲಿ ಓಡಾಡುತ್ತೇನೆ. ಹೆಣ್ಣುಮಗಳು ಚಾಕು ಇಟ್ಟುಕೊಂಡು ತಿರುಗುವುದು ಚೆನ್ನಾಗಿರುತ್ತದೆಯೇ ಎಂದು ಅಮ್ಮ ಕೇಳುತ್ತಾಳೆ. ಚೆನ್ನಾಗಿರುತ್ತದೆ.

ಈ ವರ್ಷ ಅಜ್ಜಿಯ ತಿಥಿ ತಲಘಟ್ಟಪುರದಲ್ಲಿ, ಚಿಕ್ಕಪ್ಪನ ಹೊಸ ಫ್ಲ್ಯಾಟಿನಲ್ಲಿ ನಡೆಯಿತು. ಹಾಲಿನಲ್ಲಿ ಗಾಜಿನ ಶೋಕೇಸು ಮಾಡಿಸಿದ್ದರು. ಒಳಗೆ ದೀಪ ಹಾಕಿ ಅಜ್ಜಿಯ ಶ್ಯಾವಿಗೆ ಒರಳು, ತಾಮ್ರದ ಚೊಂಬು, ಎಲೆ ಅಡಿಕೆಯ ತಟ್ಟೆ ಜೋಡಿಸಿದ್ದರು. ಮಧ್ಯದಲ್ಲಿ ಒಂದು ಜಾಗ ಖಾಲಿ. ಊಟವಾದ ಮೇಲೆ ಚಿಕ್ಕಪ್ಪ ಎಲ್ಲರೆದುರು ನನ್ನತ್ತ ಕೈ ಚಾಚಿದರು. "ಕೊಡು ಪುಟ್ಟಿ, ಭದ್ರವಾಗಿ ಇಡ್ತೀನಿ. ನೀನು ಬಸ್ಸಲ್ಲಿ ಎಲ್ಲಾದ್ರೂ ಕಳೀತೀಯ."

ಅಮ್ಮ ಕೊಡು ಎಂದು ಕಣ್ಣಿನಲ್ಲೇ ಹೇಳಿದಳು. ಅವಸರದ ಮಾತು ನನಗೆ ಬರುವುದಿಲ್ಲ. ಚಾಕನ್ನು ತೆಗೆದು ಮಡಚಿದಂತೆಯೇ ನೆಲಕ್ಕಿಟ್ಟೆ. "ಶೋಕೇಸಲ್ಲಿಟ್ರೆ ತುಕ್ಕು ಹಿಡಿಯುತ್ತೆ ಚಿಕ್ಕಪ್ಪ. ನಾನು ದಿನಾ ಒರೆಸ್ತೀನಿ. ನೀವು ಒರೆಸ್ತೀನಿ ಅಂದ್ರೆ ಎತ್ಕೊಳ್ಳಿ."

ಚಾಚಿದ ಕೈ ಒಂದು ಗಳಿಗೆ ಹಾಗೇ ಇತ್ತು. ಆಮೇಲೆ ಅವರು ಮೊಣಕಾಲು ಹಿಡಿದುಕೊಂಡು ಬಗ್ಗಿದರು. ಗೀರಿಗೆ ಉಗುರು ಸಿಕ್ಕಿಸಿ ಬಿಚ್ಚಿದಾಗ ಟಕ್ ಎಂದಿತು. ಹೆಬ್ಬೆರಳಿನಿಂದ ಹರಿತ ನೋಡಿ, ಚಿಕ್ಕಪ್ಪ ಅದನ್ನು ಮೂಗಿನ ಹತ್ತಿರ ಹಿಡಿದರು. ನಂತರ ಮಡಚಿ, ಮತ್ತೆ ಬಗ್ಗಿ, ನನ್ನ ಕಾಲ ಮುಂದೆ ಇಟ್ಟರು. "ಪೊಲೀಸ್ನೋರು ಹಿಡಿದ್ರೆ ನನಗೆ ಫೋನ್ ಮಾಡಬೇಡ," ಎಂದರು. ಶೋಕೇಸಿನ ಆ ಜಾಗ ಖಾಲಿಯೇ ಉಳಿಯಿತು.

ಮರುದಿನ ಬೆಳಿಗ್ಗೆ ಬನಶಂಕರಿ ಬಸ್ ಸ್ಟ್ಯಾಂಡಿನ ಹತ್ತಿರ ಎರಡು ಮೊಳ ಮಲ್ಲಿಗೆ ಕೇಳಿದೆ. ಹೂವಿನ ಹೆಂಗಸು ಅಳೆದು, ಬ್ಲೇಡು ಹುಡುಕಿ, ಎಲ್ಲೋ ಬಿದ್ದೋಯ್ತು ಮೇಡಂ ಎನ್ನುತ್ತ ದಾರವನ್ನು ಹಲ್ಲಿಗೆ ಒಯ್ದಳು. "ಕಚ್ಚಬೇಡಿ ಅಕ್ಕ," ಎಂದು ಚಾಕನ್ನು ಅವಳ ಗೋಣಿಚೀಲದ ಅಂಚಿನಲ್ಲಿಟ್ಟೆ. ಅವಳು ಎತ್ತಿಕೊಂಡು ಬಿಚ್ಚಿ, ಕತ್ತರಿಸಿ, ಸೆರಗಿನಲ್ಲಿ ಒರೆಸಿ ಮಡಚಿದಳು. ನಾನು ಮರೆತು ಕೈ ಚಾಚಿದೆ. ಅವಳು ಅದನ್ನು ನೋಡಿಯೂ ನೋಡದವಳಂತೆ ಚಾಕನ್ನು ಮೊದಲಿದ್ದ ಜಾಗದಲ್ಲೇ ಇಟ್ಟಳು. ನಾನು ಬಗ್ಗಿ ಎತ್ತಿಕೊಂಡೆ.