ಹಗ್ಗ ಕೊಟ್ಟವನ ಮರಿಮಗಳು

ರೋಬ್ಲೆ ವಜೀರ್ ಎಂಬ ನಮ್ಮ ಒಣ ಊರಿನ ಸುಣ್ಣಕಲ್ಲನ್ನು ಒಬ್ಬನೇ ಸೀಳಿ ಬಾವಿ ತೆಗೆದವನು. ಅದರ ನೀರು ಇವತ್ತಿಗೂ ಬತ್ತಿಲ್ಲ, ಕೊಂಚ ಉಪ್ಪುಪ್ಪು, ಅಷ್ಟೆ. ರೋಬ್ಲೆಯ ಮಗ ಅವಾಲೆ, ಒಂಟೆಸಾಲುಗಳ ಮುಂದಾಳು. ಅವಾಲೆಯ ಮಗ ಗೇದಿ, ಮಂದೇರಾದಿಂದ ನೈರೋಬಿಗೆ ಲಾರಿ ಓಡಿಸಿದ ಮೊದಲಿಗರಲ್ಲಿ ಒಬ್ಬ. ಎರಡು ಲಾರಿಗಳನ್ನು ಹೊಳೆಗೆ ಕೊಟ್ಟು ಮೂರನೆಯದನ್ನು ದಡ ಮುಟ್ಟಿಸಿದವನು. ಗೇದಿಯ ಮಗ ದಲ್ಮಾರ್, ವಜೀರಿನಲ್ಲಿ ವಿಮಾನ ಇಳಿಯುವ ಪಟ್ಟಿಯ ಮೇಲಿಂದ ಒಂಟೆ, ಆಡುಗಳನ್ನು ಓಡಿಸುತ್ತಲೇ ಮೂವತ್ತು ವರ್ಷ ಸವೆಸಿದವನು. ದಲ್ಮಾರನ ಮಗಳು ಶಂಕರೂನ್. ಐವರು ಗಂಡುಮಕ್ಕಳಿಗಿಂತ ಮೇಲು ಎಂದು ಆ ಹೆಸರಿನ ಅರ್ಥ. ಅಪ್ಪ ಕಾದ ಪಟ್ಟಿಯ ಮೇಲೆ ವಿಮಾನ ಇಳಿಸಿ ಆಕೆ ಹೆಸರು ಉಳಿಸಿಕೊಂಡಳು.

ನಮ್ಮಲ್ಲಿ ಅಡ್ಡಹೆಸರು ಬಿಟ್ಟು ವಂಶ ಹೇಳಿದರೆ ಅರ್ಧ ಸುಳ್ಳು ಹೇಳಿದಂತೆ. ಕುಂಟನನ್ನು ಕುಂಟ ಎಂದೇ, ಅಗಲ ಕಿವಿಯವನನ್ನು ಮೊರಗಿವಿ ಎಂದೇ ಕರೆಯುವ ಜನ ನಾವು, ಯಾರೂ ಮುನಿಯುವುದಿಲ್ಲ. ಅವಾಲೆಯ ಅಡ್ಡಹೆಸರು 'ಹಗ್ಗ ಕೊಟ್ಟವನು'. ಹೆಂಡತಿಯನ್ನು ಮಣ್ಣು ಮಾಡಿ ಏಳು ದಿನಕ್ಕೆ ಅವನು ಸಾಲು ಹೊರಡಿಸಿದ. ಮೂರನೆಯ ದಿನ ನಡುಹಗಲಿನಲ್ಲಿ, ಗಿಡವಿಲ್ಲದ ಬಯಲಿನಲ್ಲಿ ನಿಂತುಬಿಟ್ಟ. ಮುಂದಿನ ಒಂಟೆಯ ಹಗ್ಗವನ್ನು, ತನಗೂ ಅವನಿಗೂ ಎಣ್ಣೆ ಸೀಗೆಕಾಯಿ ಎಂಬಂತಿದ್ದ ಸಮತರ್ ಎಂಬವನ ಕೈಗಿತ್ತು, "ನನ್ನ ಕಣ್ಣು ದಾರಿ ನೋಡ್ತಿಲ್ಲ, ಸತ್ತವಳನ್ನ ನೋಡ್ತಿದೆ. ನೀನು ನಡೆಸು" ಎಂದ. ಆಮೇಲೆ ಕಟ್ಟಕಡೆಯ ಒಂಟೆಯ ಪಕ್ಕ ನಡೆದ. ಸಾಲಿನಲ್ಲಿದ್ದ ಅರವತ್ತು ಜನವೂ ನೀರು ಮುಟ್ಟಿದರು. ನಗುವವರು ನಕ್ಕರು, ಹೆಸರು ಅಂಟಿತು.

ಶಂಕರೂನಳ ಚಿಕ್ಕಪ್ಪ ಗೂಲೇದ್ ದೊಡ್ಡ ಮನುಷ್ಯ. ನೈರೋಬಿಯ ಕಚೇರಿಗಳಲ್ಲಿ ಅವನು ತಟ್ಟಿದರೆ ತೆರೆಯದ ಬಾಗಿಲಿಲ್ಲ. ಅಂಥವನು ವಂಶ ಹೇಳುವಾಗ ಈ ಒಂದು ಹೆಸರು ಬಂದರೆ ಸಾಕು, ಮುಳ್ಳು ಕಂಡವನಂತೆ ದಾಟಿಬಿಡುತ್ತಿದ್ದ.

ಶಂಕರೂನಳ ತಂಗಿ ಇದಿಲ್ ಮಂದೇರಾದಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು. ಆ ಹೊತ್ತಿಗೆ ಅಕ್ಕ ಅದೇ ಊರಿನ ಮೇಲೆ, ಧೂಳುಗಾಳಿ ತಗ್ಗಲೆಂದು ವಿಮಾನವನ್ನು ಸುತ್ತು ಹೊಡೆಸುತ್ತಿದ್ದಳು. ಅಂದಿನಿಂದ ಅವಳಿಗೆ ನಿದ್ದೆ ಎರಡು ಗಂಟೆಗಿಂತ ಹೆಚ್ಚು ನಿಲ್ಲಲಿಲ್ಲ. ಎದೆಯ ಮೇಲೆ ಯಾರೋ ಕೂತಂತೆ. ವಿಮಾನದ ಹಿಡಿ ಹಿಡಿದ ಕೈ ತನ್ನದಲ್ಲವೇನೋ ಎಂಬಂತೆ.

ಪೈಲಟ್‌ಗಳಿಗೆ ವರ್ಷಕ್ಕೊಮ್ಮೆ ವೈದ್ಯರ ಮುಂದೆ ತುಂಬಬೇಕಾದ ಒಂದು ಅರ್ಜಿ ಇರುತ್ತದೆ. ಅದರಲ್ಲಿ 'ಮನಸ್ಸಿನ ತೊಂದರೆ ಇದೆಯೇ?' ಎಂಬ ಸಾಲು. ನೈರೋಬಿಯ ಸಣ್ಣ ವಿಮಾನ ನಿಲ್ದಾಣದ ಹಿಂದಿನ ಚಹಾದಂಗಡಿಯಲ್ಲಿ ಹಿರಿಯ ಪೈಲಟ್‌ಗಳು ಕಿರಿಯರಿಗೆ ಹೇಳಿಕೊಡುವ ಮೊದಲ ಪಾಠವೇ ಅದು. "ಮಂಡಿನೋವು ಹೇಳ್ಕೋ, ಸಕ್ಕರೆ ಕಾಯಿಲೆ ಹೇಳ್ಕೋ. ಈ ಸಾಲು ಬಂದಾಗ ಮಾತ್ರ ಓದ್ಲೇಬೇಡ, 'ಇಲ್ಲ' ಅಂತ ಗೀಚಿ ಮುಂದಕ್ಕೆ ಹೋಗು." 'ಹೌದು' ಎಂದು ಬರೆದವರು ನೆಲಕ್ಕಿಳಿಯುತ್ತಾರೆ, ಮತ್ತೆ ಏರುವುದು ಯಾವಾಗ ಎಂದು ಯಾರಿಗೂ ಗೊತ್ತಿಲ್ಲ. ಹಾಗಾಗಿ ನಿದ್ದೆ ಕೆಟ್ಟವರು ಬೇರೆ ಹೆಸರು ಹೇಳಿ ಮಾತ್ರೆ ತರುತ್ತಾರೆ. ಶಂಕರೂನ್ ಕೂಡ ಓದದೆ 'ಇಲ್ಲ' ಎಂದು ಬರೆದಳು. ಬರೆದು ಮೂರು ವಾರವಾಗಿತ್ತು.

ಆ ಬೆಳಗ್ಗೆ ಮೂವತ್ತೇಳು ಜನರನ್ನು ಹೊತ್ತು ವಜೀರಿಗೆ ಹೊರಟಳು. ಪಕ್ಕದಲ್ಲಿ ಸಹಪೈಲಟ್ ಮುಸೆಂಬಿ. ಕಂಬಾ ಬುಡಕಟ್ಟಿನ, ಮಾತು ಕಡಿಮೆಯ ಹುಡುಗ. ವಿಮಾನ ಅವಳ ಕೈಯಲ್ಲಿತ್ತು; ಇಳಿಯುವ ಮುಂಚೆ ಒಂದೊಂದಾಗಿ ನೋಡಬೇಕಾದವುಗಳ ಪಟ್ಟಿಯನ್ನು ಮುಸೆಂಬಿ ಓದುತ್ತಿದ್ದ, ಆಕೆ ಉತ್ತರ ಕೊಡುತ್ತಿದ್ದಳು.

"ಚಕ್ರ?"

"ಇಳಿದಿದೆ. ಮೂರೂ ಹಸಿರು."

ಮುಸೆಂಬಿ ಮುಂದೆ ಓದಲಿಲ್ಲ. "ಕ್ಯಾಪ್ಟನ್, ಚಕ್ರ ಇಳಿಸು ಅಂತ ನೀವು ಹೇಳೇ ಇಲ್ಲ. ಒಂದು ದೀಪಾನೂ ಹತ್ತಿಲ್ಲ."

ಶಂಕರೂನ್ ನೋಡಿದಳು. ದೀಪಗಳಿರಬೇಕಾದ ಕಡೆ ಕತ್ತಲು. ಕಣ್ಣು ನೋಡದ್ದನ್ನು ಬಾಯಿ ಹೇಳಿತ್ತು, ಅರ್ಜಿಯ ಮೇಲೆ ಪೆನ್ನು ಹೇಳಿದ ಹಾಗೆ. ಬೆನ್ನ ಹಿಂದೆ ಮೂವತ್ತೇಳು ಜನ ಚೀಲ ಸರಿಮಾಡಿಕೊಳ್ಳುವ ಸದ್ದು ಕೇಳಿದಂತಾಯಿತು.

ಎರಡೂ ಕೈ ಎತ್ತಿದಳು. "ಮುಸೆಂಬಿ, ವಿಮಾನ ನಿನ್ನದು. ಮೇಲೆತ್ತಿ ಒಂದು ಸುತ್ತು ಹಾಕು, ಆಮೇಲೆ ಇಳಿಸು. ಪಟ್ಟಿ ನಾನು ಓದ್ತೀನಿ. ಬೆರಳಿಟ್ಟು ಓದ್ತೀನಿ."

"ನನ್ನದು, ಕ್ಯಾಪ್ಟನ್," ಎಂದ ಅವನು. ಮೇಲೆತ್ತಿ ಸುತ್ತು ಹಾಕಿದ; ಈ ಸಲ ಮೂರೂ ದೀಪ ಹಸಿರು ಹತ್ತಿದವು. ವಿಮಾನ ಎರಡು ಸಲ ಪುಟಿದು ನಿಂತಿತು.

ಬಾಗಿಲು ತೆರೆಯುವ ಮುಂಚೆ ಹಿಂದಿನಿಂದ ಒಂದು ಹೆಣ್ಣುದನಿ ಕೂಗಿತು. "ಅಲ್ರಯ್ಯಾ, ಒಂಟೆ ಮೇಲಾದ್ರೂ ಇದಕ್ಕಿಂತ ಮೆತ್ತಗೆ ಬರ್ತಿದ್ನಲ್ಲೋ! ನನ್ನ ಖಾಲಿ ಕ್ಯಾನುಗಳೂ ಅತ್ತುಬಿಟ್ವು!" ನೈರೋಬಿಗೆ ಒಂಟೆಹಾಲು ಮಾರಲು ಹೋಗಿಬರುವ ಎಬ್ಲಾ ಅದು. ಎಲ್ಲರೂ ನಕ್ಕರು.

ಶಂಕರೂನ್ ಅವರ ಮುಂದೆ ಬಂದು ನಿಂತಳು. "ಇಳಿಸಿದ್ದು ಮುಸೆಂಬಿ. ಸುತ್ತು ಹಾಕಬೇಕಾಗಿ ಬಂದಿದ್ದು ನನ್ನ ತಪ್ಪಿಂದ. ಮೂರು ತಿಂಗಳಿಂದ ನನಗೆ ನಿದ್ದೆ ಇಲ್ಲ, ತಲೆ ನೆಟ್ಟಗಿಲ್ಲ. ವಾಪಸ್ ನಾನು ಹಾರಿಸಲ್ಲ. ಇಲ್ಲಿಂದ ನೈರೋಬಿಗೆ ಹೋಗೋರು ಬೇರೆ ಪೈಲಟ್ ಬರೋವರೆಗೂ ಕಾಯಬೇಕು, ಅವರಿಗೂ ನಾನೇ ಹೇಳ್ತೀನಿ."

ನಗು ಉಡುಗಿತು. ಟೋಪಿಯವನೊಬ್ಬ, "ಹುಚ್ಚಿ ಕೈಗೆ ನಮ್ಮ ಜೀವ ಕೊಟ್ಟಿದ್ರಾ!" ಎಂದು ಎದ್ದ.

"ಕೂತ್ಕೊಳ್ಳಯ್ಯಾ, ಜೀವ ಇರೋದಕ್ಕೇ ಕೂಗಾಡ್ತಿದೀಯ," ಎಂದಳು ಎಬ್ಲಾ. ಆಮೇಲೆ ಶಂಕರೂನಳ ಕಡೆ ತಿರುಗಿ, "ಯಾರ ಮಗಳೇ ನೀನು?"

"ದಲ್ಮಾರ್, ಗೇದಿ, ಹಗ್ಗ ಕೊಟ್ಟ ಅವಾಲೆ, ರೋಬ್ಲೆ."

"ಅದಕ್ಕೇ ಮತ್ತೆ," ಎಂದಳು ಎಬ್ಲಾ. "ನಮ್ಮಜ್ಜಿ ಆ ಸಾಲಲ್ಲಿದ್ಲು. ತುಂಬಿದ ಬಸುರಿ." ಕ್ಯಾನುಗಳನ್ನು ಎತ್ತಿಕೊಂಡು ಮೊದಲು ಇಳಿದವಳೂ ಅವಳೇ.

ಕಂಪನಿಯ ಮುಖ್ಯ ಪೈಲಟ್ ಫೋನಿನಲ್ಲಿ ಮೊದಲು ಬೈದ, ಆಮೇಲೆ ಬೇಡಿಕೊಂಡ. "ಹೊಟ್ಟೆ ಕೆಟ್ಟಿತ್ತು ಅಂತ ಬರಿಯಮ್ಮ, ಮೂರು ದಿನದಲ್ಲಿ ವಾಪಸ್ ಬರ್ತೀಯ."

"ನನ್ನ ಹೊಟ್ಟೆ ಚೆನ್ನಾಗಿದೆ ಸರ್," ಎಂದು ಅವಳು ವರದಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದಳು. ಅರ್ಜಿಯಲ್ಲಿ ಸುಳ್ಳು ಬರೆದಿದ್ದನ್ನೂ ಬರೆದು ಕಳಿಸಿದಳು.

ಮರುದಿನವೇ ಗೂಲೇದ್ ನೈರೋಬಿಯಿಂದ ಬಂದಿಳಿದ. ದಲ್ಮಾರನ ಮನೆಯ ಅಂಗಳದಲ್ಲಿ ಚಾಪೆ ಹಾಸಿತ್ತು. ಶಂಕರೂನಳ ತಾಯಿ ಏಲಕ್ಕಿ ಹಾಕಿದ ಹಾಲು ಚಹಾ ಇಟ್ಟು ಪಕ್ಕದಲ್ಲಿ ಕೂತಳು. ಗೂಲೇದ್ ಜೇಬಿನಿಂದ ಮಡಿಸಿದ ಕಾಗದ ತೆಗೆದ.

"ನಿನ್ನ ವರದಿ ಇನ್ನೂ ಕಂಪನಿಯೋರ ಮೇಜಿನ ಮೇಲೇ ಇದೆ, ಮೇಲಕ್ಕೆ ಹೋಗದ ಹಾಗೆ ಹಿಡಿದಿಟ್ಟಿದೀನಿ. ಇದು ಬೇರೆ. ಡಾಕ್ಟರ್ ರುಜು ಬಿದ್ದಿದೆ: ಹಳಸಿದ ಮಾಂಸ ತಿಂದು ತಲೆ ಸುತ್ತು. ನಿನ್ನ ರುಜು ಒಂದು ಹಾಕು ಮಗಳೇ, ಎರಡೂ ಕಾಗದ ಅದಲುಬದಲು. ಮುಂದಿನ ವಾರ ಹಾರ್ತೀಯ."

"ಮುಂದಿನ ವಾರ ನಿದ್ದೆ ಬರುತ್ತೆ ಅಂತಾನೂ ಬರೆದಿದಾರಾ ಡಾಕ್ಟರು?"

"ನಾಲಿಗೆ ನೋಡು ಇವಳದ್ದು! ನಮ್ಮ ಜನದಲ್ಲಿ ಈ ಆಕಾಶ ಮುಟ್ಟಿದ ಹೆಣ್ಣು ನೀನೊಬ್ಬಳೇ. ಸಂತೇಲಿ ಆಗಲೇ 'ಹುಚ್ಚು ಪೈಲಟ್' ಅಂತ ಅಡ್ಡಹೆಸರು ಕಟ್ಟಿದಾರೆ."

"ಕಟ್ಟಲಿ. ನಿಮಗೆ 'ಬೋಡತಲೆ' ಅಂತ ಕಟ್ಟಿದಾಗ ನೀವು ಸತ್ತು ಹೋದ್ರಾ?"

ತಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಗೂಲೇದ್ ತಲೆ ಮುಟ್ಟಿ ನೋಡಿಕೊಂಡು ದನಿ ತಗ್ಗಿಸಿದ. "ನಗಬೇಡ. ಅವಾಲೆ ಹಗ್ಗ ಕೊಟ್ಟಮೇಲೆ ಮತ್ತೆ ಯಾರೂ ಅವನ ಕೈಗೆ ಕೊಡಲೇ ಇಲ್ಲ. ಸಾಯೋವರೆಗೂ ಹಿಂದಿನ ಒಂಟೆ ಪಕ್ಕಾನೇ ನಡೆದ. ಅದು ನಿನಗೆ ಗೊತ್ತಾ? ನಿನಗೂ ಅದೇ ಆಗಬಾರ್ದು ಅಂತ ನಾನು ಊರೂರು ಅಲೀತಿದೀನಿ."

ಶಂಕರೂನಳಿಗೆ ಅದು ಗೊತ್ತಿತ್ತು. ಚಿಕ್ಕಂದಿನಿಂದ ಗೊತ್ತಿತ್ತು. ಮೇಲೆ, ಅಪ್ಪ ಕಾದ ಪಟ್ಟಿಯ ಕಡೆಗೆ, ನೈರೋಬಿಯ ವಿಮಾನ ಇಳಿಯುತ್ತಿತ್ತು. ಅವಳು ತಲೆಯೆತ್ತಿ, ಚಕ್ರಗಳು ಇಳಿದಿವೆಯೇ ಎಂದು ನೋಡಿದಳು. ಇಳಿದಿದ್ದವು. ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಿಸಿ ಚಿಕ್ಕಪ್ಪನ ಮೊಣಕಾಲ ಮೇಲಿಟ್ಟಳು.

"ಗೊತ್ತು ಚಿಕ್ಕಪ್ಪ. ಹಿಂದೆ ನಡೆದ, ಆದ್ರೆ ತಲೆ ಎತ್ತಿ ನಡೆದ. ನನಗೂ ಅದೇ ಆದ್ರೆ ಆಗಲಿ. ಡಾಕ್ಟರ ಹತ್ರ ಹೋಗ್ತೀನಿ, ನನ್ನ ಹೆಸರು ಹೇಳ್ಕೊಂಡೇ ಹೋಗ್ತೀನಿ. ಮಾತ್ರೆ ಕೊಟ್ರೆ ನುಂಗ್ತೀನಿ, ಅಳು ಅಂದ್ರೆ ಅಳ್ತೀನಿ. ನೆಟ್ಟಗಾದ ದಿನ ನಾನೇ ಹೋಗಿ ಕೈ ಚಾಚ್ತೀನಿ. ಕೊಟ್ರೆ ಹಿಡೀತೀನಿ, ಕೊಡದಿದ್ರೆ ಅಪ್ಪನ ಹಾಗೆ ಆಡು ಓಡಿಸ್ತೀನಿ. ನೀವು ತಂದ ಈ ಸಹಾಯ ಮಾತ್ರ ಬೇಡ. ಮೇಜಿನ ಮೇಲಿರೋ ನನ್ನ ವರದಿ ಬಿಟ್ಟುಬಿಡಿ, ಅದು ಹೋಗಬೇಕಾದ ಕಡೆ ಹೋಗಲಿ. ಚಹಾ ಆರ್ತಿದೆ, ಕುಡಿದು ಹೊರಡಿ."