ಪದ್ಮವ್ವನ ಮೂವರು ತಂಗಿಯರ ಹವಾಮಾನ

ಧನಪಾಲನ ಮಗಳ ನಿಶ್ಚಯದ ಊಟದಲ್ಲಿ ಎರಡನೇ ಪಂಕ್ತಿ ಕೂತಿತ್ತು. ಎಲೆಗೆ ಹುಗ್ಗಿ ಬಿದ್ದು, ಇನ್ನೇನು ಕೈ ಹಚ್ಚಬೇಕು ಅನ್ನುವಾಗ ಪದ್ಮವ್ವ ಮೊಬೈಲು ಎತ್ತಿ ಹಿಡಿದು ಕೂಗಿದಳು: "ಏಳ್ರಿ, ಏಳ್ರಿ! ಕುಡಚ್ಯಾಗ ಮಳಿ ಹೊಡಿಯಾಕತ್ತೈತಿ. ಅರ್ಧಾ ತಾಸಿನ್ಯಾಗ ಇಲ್ಲಿ ಐತಿ!"

ನೂರೈವತ್ತು ಮಂದಿ ಎಲೆ ಎತ್ತಿಕೊಂಡು ಬಯಲಿನಿಂದ ಶಾಲೆಯ ಪಡಸಾಲೆಗೆ ಓಡಿದರು. ಬೀಗರ ಪೈಕಿ ಹಿರಿಯರೊಬ್ಬರ ಧೋತರಕ್ಕೆ ಸಾರಿನ ಅಭಿಷೇಕವಾಯಿತು. ಆಮೇಲೆ ಹೊತ್ತು ಮುಳುಗುವ ತನಕ ಖಡಕ್ ಬಿಸಿಲು. ಕುಡಚಿಯಲ್ಲಿ ಮಳೆ ಬಂದದ್ದೇನೋ ಖರೆ. ಆದರೆ ಅದು ಕೃಷ್ಣಾ ಹೊಳೆ ದಾಟಲಿಲ್ಲ. ಒಂದೇ ಊಟಕ್ಕೆ ಪದ್ಮವ್ವನ ಹವಾನೂ ಹೋಯಿತು, ಮಾನವೂ ಹೋಯಿತು.

ಅಲ್ಲಿಯ ತನಕ ಕಾಗವಾಡದ ಮಗ್ಗುಲಿನ ಆ ಊರಿನಲ್ಲಿ ಅವಳ ಮಾತಿಗೆ ಎದುರಿರಲಿಲ್ಲ. ಅವಳ ಅಪ್ಪ ವರ ನೋಡುವಾಗ ನಕಾಶೆ ನೋಡಿದವನಲ್ಲ. ಆದರೂ ಬೇಸಿಗೆ ಮಳೆ ಬರುವ ದಾರಿಗುಂಟ ಮೂವರು ಕಿರಿ ಹೆಣ್ಣುಮಕ್ಕಳನ್ನು ಸಾಲಾಗಿ ಕೊಟ್ಟಿದ್ದ: ಒಬ್ಬಳು ಭೋಜಿಗೆ, ಒಬ್ಬಳು ಚಿಕ್ಕೋಡಿಗೆ, ಒಬ್ಬಳು ಕುಡಚಿಗೆ. ಸಕ್ಕರೆ ಕಾರ್ಖಾನೆಗೆ ಹೋಗುತ್ತಿದ್ದ ಗಂಡ ಭೀಮಸಿ, ಬುತ್ತಿಗೆ ಏನು ಪಲ್ಯ ಎಂದು ಕೇಳಲು ಹೆಂಡತಿಗೊಂದು ಮೊಬೈಲು ಕೊಡಿಸಿದ. ಪದ್ಮವ್ವ ಪಲ್ಯದ ಸುದ್ದಿ ಬಿಟ್ಟು ಮುಗಿಲಿನ ಸುದ್ದಿ ಹಿಡಿದಳು. ಮೂರು ಊರಿಗೆ ಮೂರು ಫೋನು. ಮಳೆ ಎಲ್ಲಿಗೆ ಬಂತು, ಗಾಳಿ ಯಾವ ಕಡೆ ತಿರುಗಿತು ಎಂಬುದು ಅಡುಗೆಮನೆಯಲ್ಲಿ ಕೂತಲ್ಲೇ ತಿಳಿಯುತ್ತಿತ್ತು. ದ್ರಾಕ್ಷಿಯವರು, ಅರಿಷಿಣದವರು, ಶಾಂಡಿಗೆ-ಹಪ್ಪಳ ಹಾಕುವವರು ಎಲ್ಲರೂ ಅವಳ ಬಾಗಿಲಿಗೇ.

ಹುಗ್ಗಿ ಪ್ರಸಂಗದ ಮುಂದಿನ ವಾರ, 2012ರ ಏಪ್ರಿಲ್ ಕೊನೆಗೆ, ಆ ಬಾಗಿಲಿಗೆ ಬಂದವನು ಶ್ರೀಪಾಲ ಒಬ್ಬನೇ. ಅವನಿಗೆ ಬೇರೆ ದಾರಿ ಇರಲಿಲ್ಲ. ಎರಡು ಎಕರೆಯ ದ್ರಾಕ್ಷಿ, ಒಣದ್ರಾಕ್ಷಿ ಮಾಡಲೆಂದು, ನಾಲ್ಕೂ ಮಗ್ಗುಲು ಬಯಲಾದ ಶೆಡ್ಡಿನ ಜಾಳಿಗೆಗಳ ಮೇಲೆ ಒಣಗುತ್ತಿತ್ತು. ಒಂಬತ್ತು ದಿನ ಮುಗಿದಿತ್ತು, ಇನ್ನೂ ಮೂರು ದಿನ ಬೇಕು. ಮಳೆ ಬರುವ ಮೊದಲು ಶೆಡ್ಡಿನ ಸುತ್ತ ತಾಡಪತ್ರಿ ಇಳಿಬಿಡದಿದ್ದರೆ ಎಲ್ಲಾ ಕೊಳೆತು ಹೋಗುತ್ತದೆ. ಮಳೆ ಬಾರದೆ ಸುಮ್ಮನೆ ಇಳಿಬಿಟ್ಟರೆ ಒಳಗೆ ಗಾಳಿಯಾಡದೆ, ಬೆವತು, ಬಂಗಾರದಂಥ ಮಾಲು ಕರ್ರಗಾಗುತ್ತದೆ. ವರ್ಷದ ದುಡಿಮೆ ಒಂದು ಹಗ್ಗದ ಗಂಟಿನ ಮೇಲೆ ನಿಂತಿತ್ತು.

ಸರಕಾರದ ಮೆಸೇಜೂ ಬಂದಿತ್ತು: "ಮುಂದಿನ ಮೂರು ದಿನ ಅಲ್ಲಲ್ಲಿ ಗುಡುಗು ಸಹಿತ ಮಳೆ ಸಾಧ್ಯತೆ."

"ಅಲ್ಲಲ್ಲಿ ಅಂದ್ರ ಎಲ್ಲೆಲ್ರಿ ಕಾಕು?" ಅಂದ ಶ್ರೀಪಾಲ, ಪಡಸಾಲೆಯಲ್ಲಿ ಕೂರುತ್ತ. ಊರ ಹುಡುಗರಿಗೆಲ್ಲ ಅವಳು ಕಾಕು, ಅಂದರೆ ಚಿಕ್ಕಮ್ಮ.

"ಅದನ್ನ ಹೇಳಿದ್ರ ಅವ್ರಿಗೂ ನನಗ ನಕ್ಕಂಗ ಮಂದಿ ನಗ್ತಾರಪಾ. ಅಲ್ಲಲ್ಲಿ ಅಂದ್ರ ಯಾರೂ ನಗಂಗಿಲ್ಲ."

ಮಧ್ಯಾಹ್ನ ಎರಡು ಗಂಟೆ. ಪಶ್ಚಿಮಕ್ಕೆ ಮುಗಿಲು ಹೆಂಚಿನ ಬುಡದಂತೆ ಕಪ್ಪಾಗಿತ್ತು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಶೆಡ್ಡಿನಲ್ಲಿ ಎಂಟು ಆಳುಗಳು ಹಗ್ಗ ಹಿಡಿದು ಅವನ ಫೋನಿಗೆ ಕಾಯುತ್ತಿದ್ದರು.

ಭೋಜಿನ ತಂಗಿ ಎತ್ತಿದಳು. "ಅಗಂ ಅಕ್ಕಾ, ಗಾರಾ ಬೀಳಾಕತ್ತಾವು, ನಿಂಬಿಕಾಯಷ್ಟ್!" ಗಡಿಸೀಮೆಯಲ್ಲಿ ಆಣೆಕಲ್ಲೂ ಮರಾಠಿಯಲ್ಲೇ ಬೀಳುತ್ತದೆ.

ಮೂರು ಗಂಟೆಗೆ ಚಿಕ್ಕೋಡಿ. ಮಳೆ ಇಲ್ಲ, ಗಾಳಿ ಜೋರು, ಎದುರುಮನೆಯ ತಗಡು ಹಾರಿ ಇವರ ಹಿತ್ತಲಿಗೆ ಬಂದಿದೆ. "ಗಾಳಿ ನಿಮ್ಮ ಕಡೀಗಾ ಅಥಣಿ ಕಡೀಗಾ, ತಿಳೀವಲ್ತು," ಎಂದಳು ಆ ತಂಗಿ.

ಉಳಿದದ್ದು ಕುಡಚಿ. ಫೋನು ಬಡಿದುಕೊಂಡಿತು. ಎತ್ತಲಿಲ್ಲ. ಮತ್ತೆ ಹಚ್ಚಿದಳು. ಎತ್ತಲಿಲ್ಲ.

"ಎತ್ತವಲ್ಲಳು," ಅಂದಳು ಪದ್ಮವ್ವ.

"ಇನ್ನೊಮ್ಮಿ ಹಚ್ರಿ ಕಾಕು."

"ಐದ್ ಸಲ ಹಚ್ಚೀನಿ. ನನ್ನ ಮದಿವ್ಯಾಗ ನಿಮ್ಮ ಕಾಕಾನೂ ನನ್ನ ಇಷ್ಟ್ ಕಾಡಿಸಿರಲಿಲ್ಲ."

ಶೆಡ್ಡಿನಿಂದ ಆಳು ವಿಠೋಬಾ ಫೋನು ಮಾಡಿದ: "ಅಣ್ಣಾ, ಬಿಡೂದೋ ಬ್ಯಾಡೋ? ಕೈ ಸೋತಾವು." ಶ್ರೀಪಾಲ ಕೂತಲ್ಲಿಂದಲೇ ಹೊರಗೆ ಬಾಗಿ ಮುಗಿಲು ನೋಡಿದ, ತಿರುಗಿ ಪದ್ಮವ್ವನ ಮುಖ ನೋಡಿದ. ಎರಡೂ ಒಂದೇ ಬಣ್ಣದಲ್ಲಿದ್ದವು. ಅವಳು ಕೂತಲ್ಲೇ ಒಮ್ಮೆ ಮಗ್ಗುಲು ಬದಲಿಸಿದಳು, ಸೆರಗು ಬಿಗಿ ಮಾಡಿದಳು, ಬಾಗಿಲ ಕಡೆ ನೋಡಿದಳು. ಮಂತ್ರ ಕೂಡಿಬರುವ ಮೊದಲು ಹಿರಿಯರು ಹೀಗೇ ಚಡಪಡಿಸುತ್ತಾರೆ ಎಂದುಕೊಂಡ ಶ್ರೀಪಾಲ.

ನಾಲ್ಕು ಗಂಟೆಗೆ ಪದ್ಮವ್ವ ಫೋನನ್ನು ನೆಲಕ್ಕೆ ಕುಕ್ಕಿದಳು. "ತಾಡಪತ್ರಿ ಇಳಿ ಬಿಡಸ. ಈಗಿಂದೀಗ. ಓಡು!"

"ಕುಡಚಿ…"

"ಕುಡಚಿ ಸುಡ್ಲಿ. ಓಡಂದ್ನೆಲ್ಲ?"

ಆ ದನಿಯಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಅವನು ಫೋನಿನಲ್ಲೇ ಕೂಗುತ್ತ ಗಾಡಿ ಹೊಡೆದ. ದಾರಿಯಲ್ಲಿ ಧನಪಾಲ ಸಿಕ್ಕು, "ಏನಲೇ, ಎಲಿ ಎತ್ಕೊಂಡ್ ಹೊಂಟಿಯೇನು?" ಎಂದು ಹಲ್ಲು ಕಿಸಿದ. ಶೆಡ್ಡು ಮುಟ್ಟಿದಾಗ ಮೂರು ಮಗ್ಗುಲು ಇಳಿದಿದ್ದವು. ನಾಲ್ಕನೆಯದರ ಕೊನೆಯ ಗಂಟು ಬಿಗಿಯುವಷ್ಟರಲ್ಲಿ ಗಾಳಿ ಬಂತು. ಬರಲಿಲ್ಲ, ಗುದ್ದಿತು. ಹಿಂದೆಯೇ ಗಾರಾ. ಇಪ್ಪತ್ತು ನಿಮಿಷ ಒಂಬತ್ತು ಜನ ತಾಡಪತ್ರಿಗೆ ಬೆನ್ನು ಕೊಟ್ಟು ನಿಂತರು. ಮಳೆ ನಿಂತಾಗ ಶ್ರೀಪಾಲ ಒಳಹೊಕ್ಕು ಒಂದು ಹಿಡಿ ಎತ್ತಿ ನೋಡಿದ. ಒಂದು ಹನಿ ತಾಗಿರಲಿಲ್ಲ. ಜಾಳಿಗೆಯ ಕಂಬ ಹಿಡಿದು ಅತ್ತೇಬಿಟ್ಟ.

ಮರುದಿನ ಬೆಳಿಗ್ಗೆ ತೆಂಗಿನಕಾಯಿ, ಕುಬಸದ ಅರಿವೆ ಹಿಡಿದು ಪದ್ಮವ್ವನ ಕಾಲಿಗೆ ಬಿದ್ದ. ಓಣಿಯ ಮಂದಿಯೆಲ್ಲ ಕೂಡಿದ್ದರು. ಧನಪಾಲನೂ ಹಿಂದೆ ನಿಂತಿದ್ದ.

"ಕಾಕು, ಕುಡಚ್ಯಾಗ ಫೋನ್ ಎತ್ತಲಿಲ್ಲ, ಏನಿಲ್ಲ. ಆದ್ರೂ ಅಷ್ಟ್ ಗಟ್ಟಿಯಾಗಿ ಬಿಡಸ ಅಂದ್ರಿ. ಹೆಂಗ್ ತಿಳೀತ್ರಿ ನಿಮಗ?"

ಪದ್ಮವ್ವ ಅರಿವೆಯ ಅಂಚು ತಿಕ್ಕಿ ನೋಡಿದಳು.

"ಏನ್ ತಿಳೀತದೋ, ಮಣ್ಣು! ಎರಡ್ ತಾಸಿಂದ ನನ್ನ ಮುಂದ ಕುಂತ್ ಬಿಟ್ಟಿದ್ದಿ. ನನಗ ಹಿತ್ತಲಕ ಹೋಗೂದಿತ್ತು. ಗಂಡಸ್ರ ಮುಂದ ತಂಬಗಿ ಹಿಡಕೊಂಡ್ ಹೆಂಗ ಏಳ್ಲಿ?"