ಕಲ್ಲು ಹಿತ್ತಲಿನ ಅವರೆ

ರಾಚೆಸ್ಟರ್ ಹಿಲ್ಸ್‌ನಲ್ಲಿ ನಾವು ಮನೆ ಕೊಂಡಾಗ ಬಂದವರೆಲ್ಲ ಅಡುಗೆಮನೆಯನ್ನು ಹೊಗಳಿದರು, ಬೇಸ್‌ಮೆಂಟನ್ನು ಹೊಗಳಿದರು. ಹಿತ್ತಲಿನ ಬಗ್ಗೆ ಮಾತ್ರ ಯಾರೂ ಬಾಯಿ ಬಿಡಲಿಲ್ಲ. ಹಿಂದಿನ ಮಾಲೀಕನಿಗೆ ಹುಲ್ಲು ಕತ್ತರಿಸುವುದೆಂದರೆ ಆಗುತ್ತಿರಲಿಲ್ಲವಂತೆ. ಹಿತ್ತಲಿಗೆಲ್ಲ ಕಪ್ಪು ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ಲೋಡುಗಟ್ಟಲೆ ನುಣುಪುಗಲ್ಲು ಸುರಿಸಿ ಕೈತೊಳೆದುಕೊಂಡಿದ್ದ. ಒಂದು ಕಡೆ ದಕ್ಷಿಣಕ್ಕೆ ಮುಖ ಮಾಡಿದ ನಮ್ಮ ಇಟ್ಟಿಗೆ ಗೋಡೆ, ಮಿಕ್ಕ ಮೂರು ಕಡೆ ಬಿಳಿ ವಿನೈಲ್ ಬೇಲಿ. ಜುಲೈ ತಿಂಗಳಲ್ಲಿ ಒಳಗೆ ಬಂದ ಬಿಸಿಲು ಹೊರಗೆ ಹೋಗುವ ದಾರಿ ಕಾಣದೆ ಅಲ್ಲೇ ಕುದಿಯುತ್ತಿತ್ತು. ನನ್ನ ಗಂಡ ಒಮ್ಮೆ ಥರ್ಮಾಮೀಟರ್ ತಂದು ಕಲ್ಲಿನ ಮೇಲಿಟ್ಟರು. ನೂರಿಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್ ದಾಟಿತು. ಹಿಮಕ್ಕೆ ಹೆಸರಾದ ಮಿಶಿಗನ್‌ನಲ್ಲಿ ಸ್ವಂತಕ್ಕೊಂದು ಮರುಭೂಮಿ ಇಟ್ಟುಕೊಂಡವರು ನಾವೊಬ್ಬರೇ ಇರಬೇಕು.

"ಇಲ್ಲಿ ಕಳ್ಳಿನೂ ಬೆಳೆಯಲ್ಲ. ಎಲ್ಲಾ ತೆಗೆಸಿ ಕಾಂಕ್ರೀಟ್ ಹಾಕ್ಸಿಬಿಡೋಣ. ನಾಲ್ಕು ಜನ ಬಂದ್ರೆ ಗ್ರಿಲ್ ಇಟ್ಕೊಂಡು ಕೂತ್ಕೋಬಹುದು," ಎಂದರು ಇವರು.

ನಾನು ಚಿತ್ರದುರ್ಗದ ಕಡೆಯವಳು. ಕಲ್ಲು, ಬಿಸಿಲು ಎರಡೂ ನನಗೆ ತವರಿನವೇ. ಕಲ್ಲಿರುವ ಕಡೆ ಏನೂ ಬೆಳೆಯುವುದಿಲ್ಲ ಎಂದು ಯಾರಾದರೂ ಹೇಳಿದರೆ ನನ್ನನ್ನೇ ಬೈದಂತೆ ಮೈ ಉರಿಯುತ್ತದೆ. ಆವತ್ತೂ ಉರಿಯಿತು. ಸಾಕಷ್ಟು ಜೋರಾಗಿಯೇ ಜಗಳವಾಡಿದೆ. ಕೊನೆಗೆ ಒಂದು ಒಪ್ಪಂದವಾಯಿತು: ಮುಂದಿನ ಫಾಲ್, ಅಂದರೆ ಎಲೆ ಉದುರುವ ಕಾಲದ ತನಕ ಹಿತ್ತಲು ನನ್ನದು. ಅಷ್ಟರೊಳಗೆ ಬಾಯಿಗಿಡುವಂಥದ್ದು ಏನಾದರೂ ಬೆಳೆದರೆ ಅದು ತೋಟ, ಇಲ್ಲದಿದ್ದರೆ ಕಾಂಕ್ರೀಟ್.

"ಪುದೀನ, ಟೊಮ್ಯಾಟೊ ತೋರಿಸಿ ಗೆದ್ದೆ ಅನ್ನಬೇಡ. ಅವನ್ನ ನಮ್ಮ ಬಡಾವಣೇಲಿ ಎಲ್ರೂ ಬೆಳೀತಾರೆ. ಏನು ಬೆಳೀಬೇಕು ಅಂತ ಅಮ್ಮನೇ ಹೇಳ್ಲಿ," ಎಂದು ಇವರು ತೀರ್ಪಿನ ಕೆಲಸವನ್ನು ತಾಯಿಗೆ ವಹಿಸಿದರು.

ಅತ್ತೆ ಮೈಸೂರಿನಿಂದ ಬಂದು ನಮ್ಮೊಂದಿಗೆ ಇರತೊಡಗಿ ಆಗ ಎರಡು ವರ್ಷವಾಗಿತ್ತು. ಮುಲಾಜಿಲ್ಲದ ನಾಲಿಗೆ. ಚೆನ್ನಾಗಿಲ್ಲದ್ದನ್ನು ಚೆನ್ನಾಗಿದೆ ಎಂದು ಹೇಳುವ ಅಭ್ಯಾಸ ಹುಟ್ಟಿದಾಗಿನಿಂದ ಇಲ್ಲ. ಟಿವಿಯಿಂದ ಕಣ್ಣು ತೆಗೆಯದೆ ಒಂದೇ ಮಾತು ಹೇಳಿದರು: "ಅವರೆಕಾಯಿ."

ಇಂಡಿಯನ್ ಸ್ಟೋರ್‌ನಲ್ಲಿ ಅವರೆಕಾಳು ಸಿಗುವುದಿಲ್ಲ ಎಂದಲ್ಲ, ಫ್ರೀಜರಿನಲ್ಲಿ ಪ್ಯಾಕೆಟ್ಟುಗಳಿರುತ್ತವೆ. ಮೊದಲ ಸಲ ತಂದು ಉಪ್ಪಿಟ್ಟು ಮಾಡಿದಾಗ ಅತ್ತೆ ತಟ್ಟೆಯನ್ನು ಮೂಗಿನ ಹತ್ತಿರ ತಂದು, "ಇದು ಅವರೆಕಾಯಿಯ ಫೋಟೋ ಕಣೇ. ಸೊಗಡೇ ಇಲ್ಲ," ಎಂದಿದ್ದರು. ಚಳಿ ಬಿದ್ದ ಮೇಲೆ ಬರುವ ಕಾಯಿಯ ಮೈಮೇಲೆ ಎಣ್ಣೆಯಂತೆ ಅಂಟುವ ಆ ಘಾಟು ವಾಸನೆ, ಬಿಡಿಸಿದ ಬೆರಳಿಗೆ ಮೆತ್ತಿಕೊಂಡು ಸೋಪಿಗೂ ಜಗ್ಗದ ವಾಸನೆ, ಅದೇ ಸೊಗಡು. ಅದಿಲ್ಲದಿದ್ದರೆ ಅವರಿಗೆ ಅದು ಅವರೆಯೇ ಅಲ್ಲ.

ನಾನು ಯಾವುದನ್ನಾದರೂ ಹಿಡಿದರೆ ಬಿಡುವವಳಲ್ಲ. ಅರಿಜೋನಾದ ಮರುಭೂಮಿಯಲ್ಲಿ ತೋಟ ಮಾಡುವವರ ವಿಡಿಯೋಗಳನ್ನು ನೋಡಿದ್ದೇ ನೋಡಿದ್ದು. ಪರ್ಮಾಕಲ್ಚರ್ ಎನ್ನುತ್ತಾರೆ ಅದಕ್ಕೆ. ನನಗೆ ಅರ್ಥವಾದದ್ದಿಷ್ಟು: ಬಿದ್ದ ನೀರನ್ನು ಹರಿದು ಹೋಗಲು ಬಿಡಬಾರದು, ಮಣ್ಣನ್ನು ಬೆತ್ತಲೆ ಬಿಡಬಾರದು, ಗಿಡವನ್ನು ಒಂಟಿಯಾಗಿ ಬಿಡಬಾರದು. ನಮ್ಮ ಬಡಾವಣೆಯಲ್ಲಿ ಎಲ್ಲರೂ ಮರದ ಚೌಕಟ್ಟು ಕೂರಿಸಿ ಮಣ್ಣನ್ನು ಮೇಲೆತ್ತಿ ಗಿಡ ನೆಡುತ್ತಾರೆ. ನಾನು ಕೆಳಕ್ಕೆ ಅಗೆದು ಪಾತಿ ಮಾಡಿದೆ. ಕಲ್ಲನ್ನೆಲ್ಲ ಬದಿಗೆ ಹೊತ್ತು ಹಾಕಿ ಪ್ಲಾಸ್ಟಿಕ್ ಎಳೆದರೆ ಕೆಳಗೆ ಸತ್ತ ಬೂದು ಜೇಡಿ. ಹುಳವಿಲ್ಲ, ಬೇರಿಲ್ಲ, ವಾಸನೆ ಕೂಡ ಇಲ್ಲ. ಗುದ್ದಲಿ ಹಾಕಿದರೆ ಠಣ್ ಎನ್ನುತ್ತಿತ್ತು.

ಆಗ ಫಾಲ್. ಊರಿನವರೆಲ್ಲ ಉದುರಿದೆಲೆ ಗುಡಿಸಿ ಕಂದು ಕಾಗದದ ಚೀಲಗಳಲ್ಲಿ ತುಂಬಿ ರಸ್ತೆ ಬದಿಗೆ ಇಡುವ ಕಾಲ. ಕಸದವರು ಬರುವ ಮೊದಲೇ ನಾನು ಮಿನಿವ್ಯಾನ್ ಡ್ರೈವ್ ಮಾಡಿಕೊಂಡು ಹೋಗಿ ಚೀಲಗಳನ್ನು ಎತ್ತಿಕೊಂಡು ಬರುತ್ತಿದ್ದೆ. ಪಕ್ಕದ ಮನೆಯ ರಿಟೈರ್ಡ್ ಅಜ್ಜನಿಗೆ ಇದನ್ನು ನೋಡಿ ಬಹಳ ದಿನ ಏನೂ ತೋಚಲಿಲ್ಲ. ಆಮೇಲೆ ಅವನೇ ತನ್ನ ಚೀಲಗಳನ್ನು ತಳ್ಳುಗಾಡಿಯಲ್ಲಿ ತಂದು ಬೇಲಿಯ ಬಾಗಿಲಲ್ಲಿ ಇಡತೊಡಗಿದ. ಪಾತಿಗಳಲ್ಲಿ ರಟ್ಟು ಹಾಸಿ, ಮೇಲೆ ಮೊಣಕಾಲೆತ್ತರ ಎಲೆ ತುಂಬಿದೆ. ಸೂರಿನಿಂದ ಇಳಿಯುವ ನೀರಿನ ಪೈಪನ್ನು ಪಾತಿಯ ಕಡೆಗೆ ತಿರುಗಿಸಿದೆ. ಚಳಿಗಾಲವಿಡೀ ಹಿಮ ಅದರ ಮೇಲೆ ಮಲಗಿತ್ತು.

ಏಪ್ರಿಲ್‌ನಲ್ಲಿ ಎಲೆ ಸರಿಸಿ ನೋಡಿದೆ. ಮಣ್ಣು ಕಪ್ಪಾಗಿತ್ತು. ಕೆದಕಿದರೆ ಒಂದು ಎರೆಹುಳು! ಬಂಗಾರದ ಸರ ಸಿಕ್ಕಿದ್ದರೂ ನಾನು ಅಷ್ಟು ಜೋರಾಗಿ ಕಿರುಚುತ್ತಿರಲಿಲ್ಲ. ಮೀಟಿಂಗಿನಲ್ಲಿದ್ದ ಇವರು ಹಾವು ಬಂತೆಂದು ಹೆಡ್‌ಸೆಟ್ ಸಮೇತ ಓಡಿಬಂದರು. ಎರೆಹುಳುವನ್ನು ಅಂಗೈಯಲ್ಲಿಟ್ಟು ತೋರಿಸಿದೆ. "ಇದನ್ನ ಉಪ್ಪಿಟ್ಟಿಗೆ ಹಾಕ್ತೀಯಾ?" ಎಂದು ಕೇಳಿ ಒಳಗೆ ಹೋದರು.

ಸಾರಿಗೆಂದು ಡಬ್ಬಿಯಲ್ಲಿಟ್ಟಿದ್ದ ಒಣ ಅವರೆಕಾಳಿನಿಂದಲೇ ಒಂದು ಹಿಡಿ ತೆಗೆದು ಮೇ ಕೊನೆಗೆ ಬಿತ್ತಿದೆ. ಅವರೆ ಹಬ್ಬಲು ನಡುವೆ ಮುಸುಕಿನ ಜೋಳ, ನೆಲಕ್ಕೆ ನೆರಳಾಗಲು ಕುಂಬಳ.

"ಇದು ನಮ್ಮ ಹೊಲದಲ್ಲಿ ಹಾಕೋ ಅಕ್ಕಡಿ ಸಾಲಲ್ವೇನೇ?" ಎಂದರು ಅತ್ತೆ, ಕಿಟಕಿಯಿಂದ ನೋಡಿ. "ರಾಗಿ ಮಧ್ಯ ಅವರೆ, ತೊಗರಿ ಎಲ್ಲ ಹಾಕ್ತಿದ್ವಲ್ಲ. ಇದಕ್ಕೂ ಒಂದು ಇಂಗ್ಲಿಷ್ ಹೆಸರಿಟ್ರಾ?"

ಜುಲೈನ ಬಿಸಿಲಿಗೆ ಬೇರೆಯವರ ಹುಲ್ಲೆಲ್ಲ ಒಣಗಿ ತರಗಾಯಿತು. ನಮ್ಮ ಪಾತಿಯಲ್ಲಿ ಎಲೆಯ ಕೆಳಗೆ ಕೈಯಿಟ್ಟರೆ ತಂಪು. ಅವರೆ ಬಳ್ಳಿ ಜೋಳ ಹತ್ತಿತು, ಬೇಲಿ ಹತ್ತಿತು, ಪಕ್ಕದ ಮನೆಗೆ ಇಣುಕಿತು. ನಾನು ಬೀಗುತ್ತಾ ಓಡಾಡಿದೆ. ಆದರೆ ಆಗಸ್ಟ್ ಮುಗಿಯುತ್ತ ಬಂದರೂ ಒಂದೇ ಒಂದು ಹೂವಿಲ್ಲ. ದಿನಾ ಬೆಳಿಗ್ಗೆ ಅತ್ತೆ ಕಾಫಿ ಲೋಟ ಹಿಡಿದು ಬಳ್ಳಿಯನ್ನು ಒಂದು ಸುತ್ತು ಹಾಕಿ ಬರುತ್ತಿದ್ದರು.

"ಬರೀ ಸೊಪ್ಪು ಕಣೇ. ಒಂದು ಹಸು ಕಟ್ಟು," ಎಂದರು ಒಂದು ದಿನ.

ಇವರು ಅಷ್ಟರಲ್ಲಾಗಲೇ ಕಾಂಕ್ರೀಟಿನವನಿಗೆ ಫೋನ್ ಮಾಡಿದ್ದರು. ನೆಲ ಹೆಪ್ಪುಗಟ್ಟುವ ಮೊದಲು, ಅಕ್ಟೋಬರ್‌ನಲ್ಲಿ ಬರುತ್ತೇನೆ ಎಂದಿದ್ದನಂತೆ. ನನ್ನ ಪಾಡು ನೋಡಿ: ಹಿಮ ಬೇಗ ಬಿದ್ದರೆ ಕಾಂಕ್ರೀಟಿನವನು ಬರುವುದಿಲ್ಲ, ಆದರೆ ಅವರೆ ಸಾಯುತ್ತದೆ. ತಡವಾಗಿ ಬಿದ್ದರೆ ಅವರೆ ಉಳಿಯುತ್ತದೆ, ಆದರೆ ಕಾಂಕ್ರೀಟಿನವನು ಬರುತ್ತಾನೆ. ದೇವರ ಮುಂದೆ ನಿಂತರೆ ಏನು ಬೇಡಿಕೊಳ್ಳಬೇಕೆಂದೇ ಗೊತ್ತಾಗುತ್ತಿರಲಿಲ್ಲ.

ಆ ಹೊತ್ತಿನಲ್ಲೇ ಮನೆಯಲ್ಲಿ ಇನ್ನೊಂದು ಯುದ್ಧ ನಡೆದಿತ್ತು. ರಾತ್ರಿ ಹೊತ್ತು ಬಂದು ಜೋಳ ತಿನ್ನುವ ರಕೂನ್ ಎಂಬ ಪ್ರಾಣಿಗಳ ಕಾಟವೆಂದು ಇವರು ಹಿತ್ತಲಿನ ಗೋಡೆಗೆ ದೊಡ್ಡ ಲೈಟು ಹಾಕಿಸಿ ರಾತ್ರಿಯೆಲ್ಲ ಉರಿಸುತ್ತಿದ್ದರು. ಅತ್ತೆಗೆ ಸುಮ್ಮನೆ ಉರಿಯುವ ಲೈಟು ಕಂಡರೆ ಆಗುವುದಿಲ್ಲ. ನಾವು ಬಾತ್‌ರೂಮಿನೊಳಗೆ ಇರುವಾಗಲೇ ಲೈಟು ಆರಿಸಿದ ದಾಖಲೆ ಅವರದು. ಮಗ ಹಾಕುವುದು, ತಾಯಿ ಆರಿಸುವುದು, ಮಗ ಮತ್ತೆ ಹಾಕುವುದು ಕೆಲವು ದಿನ ನಡೆಯಿತು. ಕೊನೆಗೆ ಅತ್ತೆ ಸ್ವಿಚ್ಚಿನ ಮೇಲೆ ಪ್ಯಾಕಿಂಗ್ ಟೇಪು ಅಂಟಿಸಿಬಿಟ್ಟರು. ಮಗ ಸೋತರು.

ಸೆಪ್ಟೆಂಬರ್ ನಡುವಿನಲ್ಲಿ ಒಂದು ಬೆಳಿಗ್ಗೆ ಬಳ್ಳಿಯ ತುದಿಯಲ್ಲೆಲ್ಲ ಬಿಳಿ ಮೊಗ್ಗಿನ ಗೊಂಚಲು! ನಂಬಲಾಗದೆ ಫೋಟೋ ತೆಗೆದು ದೂರದ ಲೊಂಬಾರ್ಡ್ ಎಂಬ ಊರಿನಲ್ಲಿ ಕೆಲಸದಲ್ಲಿರುವ ಮಗಳಿಗೆ ಕಳಿಸಿದೆ. ತಕ್ಷಣ ಫೋನ್ ಮಾಡಿದ ಅವಳು ಲೈಟಿನ ಕಥೆ ಕೇಳಿದ ಕೂಡಲೇ ನಕ್ಕಳು. "ಅಮ್ಮಾ, ದೇ ನೀಡ್ ಲಾಂಗ್ ನೈಟ್ಸ್! ಯೂ ವರ್ ಕೀಪಿಂಗ್ ದೆಮ್ ಅವೇಕ್!" ರಾತ್ರಿ ಉದ್ದವಾಗಿ, ಕತ್ತಲೆ ಕತ್ತಲೆಯಾಗಿಯೇ ಇದ್ದರೆ ಮಾತ್ರ ಈ ಜಾತಿಯ ಬಳ್ಳಿ ಹೂ ಬಿಡುವುದಂತೆ. ನಾವು ರಾತ್ರಿಯೆಲ್ಲ ಲೈಟು ಹಾಕಿ ಅದಕ್ಕೆ ಹಗಲೆಂದು ಸುಳ್ಳು ಹೇಳುತ್ತಿದ್ದೆವು.

"ಮತ್ತೆ? ಲೈಟು ಉರೀತಿದ್ರೆ ಯಾರಿಗೆ ನಿದ್ದೆ ಬರತ್ತೆ?" ಎಂದರು ಅತ್ತೆ, ಎಲ್ಲ ಮೊದಲೇ ಗೊತ್ತಿದ್ದವರಂತೆ.

"ಕರೆಂಟ್ ಬಿಲ್‌ಗೆ ಆರಿಸಿದೋಳು ಈಗ ಸೈಂಟಿಸ್ಟ್ ಆಗ್ಬಿಟ್ಲು," ಎಂದರು ಇವರು. ಆದರೆ ಟೇಪು ಕೀಳಲಿಲ್ಲ.

ಅಕ್ಟೋಬರ್‌ನಲ್ಲಿ ಕಾಯಿ ಕಚ್ಚಿತು, ಇನ್ನೂ ಚಪ್ಪಟೆ. ಆಗಲೇ ಫೋನು ಮೂವತ್ತು ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ ನೀರು ಹೆಪ್ಪುಗಟ್ಟುವ ಚಳಿಗೆ, ಇಳಿಯುವ ಎಚ್ಚರಿಕೆ ಕೊಟ್ಟಿತು. ಸಂಜೆ ಬಳ್ಳಿಯ ಬುಡದಲ್ಲಿ ಕೂತು ಕಲ್ಲಿನ ರಾಶಿಯ ಮೇಲೆ ಕೈಯಿಟ್ಟೆ. ಬಿಸಿಲು ಹೋಗಿ ಎಷ್ಟೋ ಹೊತ್ತಾಗಿದ್ದರೂ ಕಲ್ಲು ಒಲೆಯಿಂದ ಇಳಿಸಿ ಸ್ವಲ್ಪ ಹೊತ್ತಾದ ಹೆಂಚಿನಂತೆ ಬೆಚ್ಚಗಿತ್ತು. ಹೊರುವಾಗಲೆಲ್ಲ ಬೈದಿದ್ದ ಕಲ್ಲಿಗೆ ಆವತ್ತು ನಾನು ಕೈಮುಗಿದೆ. ಆ ಬಿಸಿ ಹಾರಿಹೋಗದಂತೆ ಮೇಲೆ ಹೊದಿಸಬೇಕಿತ್ತು. ಮನೆಯಲ್ಲಿದ್ದ ಬೆಡ್‌ಶೀಟುಗಳು ಸಾಲಲಿಲ್ಲ. ಅತ್ತೆ ಒಳಗೆ ಹೋಗಿ ತಮ್ಮ ಹಳೆಯ ಕಾಟನ್ ಸೀರೆಗಳನ್ನು ತೋಳ ತುಂಬ ತಂದರು. ನಾವಿಬ್ಬರೂ ಸೇರಿ ಬಳ್ಳಿಗೆ ಸೀರೆ ಉಡಿಸಿದೆವು. ಅತ್ತೆ ನೆರಿಗೆ ಕೂಡ ಸರಿಮಾಡಿದರು.

ಬೆಳಿಗ್ಗೆ ಊರಿನ ಹುಲ್ಲೆಲ್ಲ ಮಂಜುಗಟ್ಟಿ ಬೆಳ್ಳಗಾಗಿತ್ತು. ಪಕ್ಕದ ಮನೆಯ ಅಜ್ಜ ಬೇಲಿಯ ಮೇಲಿಂದ ಕೆಂಪು, ಹಳದಿ, ಗಿಳಿಹಸಿರು ಅಂಚುಗಳನ್ನು ನೋಡಿ, ಇವತ್ತು ನಿಮ್ಮ ಹಬ್ಬವೇ ಎಂದು ಕೇಳಿದ. ಹೊರಗುಳಿದಿದ್ದ ಕುಂಬಳದ ಎಲೆಗಳು ಬೇಯಿಸಿದ ಸೊಪ್ಪಿನಂತೆ ಜೋತುಬಿದ್ದಿದ್ದವು. ಮೆಲ್ಲಗೆ ಸೀರೆ ಎತ್ತಿದೆ. ಒಳಗೆ ಹಸಿರು! ಹೌದು, ಹಬ್ಬ, ಎಂದೆ ಅಜ್ಜನಿಗೆ.

ಆಮೇಲೆ ಒಳ್ಳೆಯ ಬಿಸಿಲು ಬಂತು. ಬೆಳಿಗ್ಗೆ ಚಳಿ, ಇಬ್ಬನಿ, ಮಧ್ಯಾಹ್ನ ಕಲ್ಲಿನ ಕಾವು. ಕಾಯಿ ಉಬ್ಬಿದವು. ಅಷ್ಟರಲ್ಲಿ ಕಾಂಕ್ರೀಟಿನವನ ಮೆಸೇಜು ಬಂತು, ಮಂಗಳವಾರ ಬರಬಹುದು ಎಂದು. ಇವರು ಫೋನನ್ನು ನನ್ನ ಮುಂದೆ ಹಿಡಿದು, "ಏನಂತ ಹೇಳ್ಲಿ?" ಎಂದರು. ಪಾಪ, ಅವರಿಗೂ ಗೆಲ್ಲುವ ಉಮೇದು ಉಳಿದಂತೆ ಕಾಣಲಿಲ್ಲ. ಆದರೂ ಒಪ್ಪಂದ ಒಪ್ಪಂದವೇ. ಭಾನುವಾರ ಅತ್ತೆ ರುಚಿ ನೋಡಲಿ, ಆಮೇಲೆ ಹೇಳಿ ಎಂದೆ.

ಭಾನುವಾರ ಬೆಳಿಗ್ಗೆ ಕಿತ್ತು ತಂದ ಕಾಯಿ ಒಂದು ಉಪ್ಪಿಟ್ಟಿಗೆ ಸಾಕಾಗುವಷ್ಟಿತ್ತು. ಟೇಬಲ್ಲಿನ ಮೇಲೆ ಸುರಿದು ಅತ್ತೆಯ ಮುಂದೆ ನಿಂತೆ. ಎರೆಹುಳು, ಎಲೆಚೀಲ, ಸೀರೆ ಯಾವುದಕ್ಕೂ ಅವರು ರಿಯಾಯಿತಿ ಕೊಡುವವರಲ್ಲ ಎಂದು ನನಗೆ ಗೊತ್ತಿತ್ತು. ಅವರು ಒಂದು ಕಾಯಿ ಎತ್ತಿಕೊಂಡರು. ಬೆರಳ ನಡುವೆ ತಿಕ್ಕಿದರು, ಸಿಪ್ಪೆ ಸುಲಿದರು, ಬೆರಳನ್ನು ಮೂಗಿಗೆ ಹಿಡಿದರು. ಇನ್ನೊಂದು ಸುಲಿದರು. ಮತ್ತೆ ಮೂಸಿದರು. ನನಗೆ ತಡೆಯಲಾಗಲಿಲ್ಲ.

"ಏನತ್ತೆ, ಹೇಳಿ!"

ಅವರು ನನ್ನ ಕಡೆ ನೋಡಲೇ ಇಲ್ಲ. "ಬಾರೋ ಇಲ್ಲಿ," ಎಂದು ಮಗನನ್ನು ಕರೆದರು. "ಬಗ್ಗು."

ಇವರು ಬಗ್ಗಿದರು. ಅತ್ತೆ ತಮ್ಮ ಅಂಟು ಬೆರಳುಗಳನ್ನು ಮಗನ ಮೂಗಿನ ಕೆಳಗೆ ಹಿಡಿದರು. ಕಿವಿಯ ಪಕ್ಕ ಕೂದಲು ನರೆತಿರುವ ಮನುಷ್ಯ ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದುಕೊಂಡರು. ಮತ್ತೆ ಎಳೆದುಕೊಂಡರು. ತಾಯಿಯ ಕೈಯನ್ನು ಹಾಗೆಯೇ ಹಿಡಿದುಕೊಂಡು ಬಹಳ ಹೊತ್ತು ಬಗ್ಗಿಯೇ ನಿಂತಿದ್ದರು.

ಆಮೇಲೆ ಫೋನು ತೆಗೆದುಕೊಂಡು ಹೊರಗೆ ಹೋದರು. ನಾನು ಒಲೆಯ ಮೇಲಿನ ಫ್ಯಾನ್ ಆಫ್ ಮಾಡಿ ಕಿಟಕಿಗೆ ಕಿವಿಗೊಟ್ಟೆ. ಮಂಗಳವಾರ ಬರಬೇಡಿ ಎನ್ನುತ್ತಿದ್ದರು. ಹಾಗಾದರೆ ಹಿಮ ಕರಗಿದ ಮೇಲೆ ಸ್ಪ್ರಿಂಗ್‌ನಲ್ಲಿ ಬರಲೇ ಎಂದು ಆ ಕಡೆಯಿಂದ ಅವನು ಕೇಳಿರಬೇಕು.

"ನೋ, ನಾಟ್ ಇನ್ ಸ್ಪ್ರಿಂಗ್ ಐದರ್," ಎಂದರು ಇವರು. ಆಮೇಲೆ ಬಳ್ಳಿಯ ಕಡೆ ನೋಡುತ್ತ, "ಸಾರಿ. ವೀ ಈಟ್ ಫ್ರಮ್ ದೇರ್," ಎಂದರು.